ವಿಮಾನ ಯಾವ ಕಡೆಗೆ ವಾಲುತ್ತದೆ

ಕಾಪುವಿನ ವಿಮಾನ ಎಡಕ್ಕೆ ತಿರುಗುವಾಗ ಬಲಕ್ಕೆ ವಾಲುತ್ತಿತ್ತು. ಕಾರ್ಕಳದ ವಿಮಾನ ಎಡಕ್ಕೆ ತಿರುಗುವಾಗ ಎಡಕ್ಕೇ ವಾಲುತ್ತಿತ್ತು. ಎರಡೂ ನೆಲದಿಂದ ಮೇಲೆ ಹಾರಿದ ವಿಮಾನಗಳಲ್ಲ, ಹಾರುವ ಆಸೆ ಅವುಗಳಿಗೆ ಇರಲೂ ಇಲ್ಲ. ಆದರೂ ಎಪ್ಪತ್ತೊಂಬತ್ತನೇ ಇಸವಿಯ ಬೇಸಗೆಯಲ್ಲಿ ಇದೊಂದು ಮಾತಿಗೆ ಎರಡು ಊರಿನ ದೊಡ್ಡ ಮನುಷ್ಯರು ಮುಖ ತಿರುಗಿಸಿಕೊಂಡಿದ್ದರು. ಬೆನೆಡಿಕ್ಟಾ ಬಾಯಿ ಮಗಳ ಬಾಣಂತನಕ್ಕೆ ಬಹರೈನಿಗೆ ಹೋಗುವುದೋ ಬಿಡುವುದೋ ಎನ್ನುವುದೂ ಕೊನೆಗೆ ಇದೇ ಮಾತಿನ ಮೇಲೆ ಬಂದು ನಿಂತಿತು.

ಬೆನೆಡಿಕ್ಟಾಳ ಗಂಡ ಸ್ಟ್ಯಾನಿಸ್ಲಾಸನಿಗೆ ಕಾಪುವಿನಲ್ಲಿ ಹೆದ್ದಾರಿಯ ಬದಿಗೆ ಬಸ್ಸಿಗೆ ಬಾಡಿ ಕಟ್ಟುವ ಗ್ಯಾರೇಜು ಇತ್ತು. ಆ ಕಾಲಕ್ಕೆ ಸುತ್ತಮುತ್ತ ಗಲ್ಫಿಗೆ ಹೊರಟವರಿಲ್ಲದ ಮನೆಯೇ ಇರಲಿಲ್ಲ. ಹೋಗುವವರಲ್ಲಿ ಹೆಚ್ಚಿನವರು ವಿಮಾನವನ್ನು ಕಂಡದ್ದು ಆಕಾಶದಲ್ಲಿ, ಅದೂ ಹುಣಸೆ ಬೀಜದಷ್ಟು. ಶಂಕರಪುರದ ಒಬ್ಬ ಹುಡುಗ ಸೊಂಟದ ಪಟ್ಟಿ ಬಿಚ್ಚಲು ತಿಳಿಯದೆ, ಕೇಳಲು ನಾಚಿಕೆಯಾಗಿ, ಬೊಂಬಾಯಿಯಲ್ಲಿ ವಿಮಾನ ಗುಡಿಸುವವರು ಬರುವ ತನಕ ಸೀಟಿನಲ್ಲೇ ಕುಳಿತಿದ್ದನಂತೆ. ಅದನ್ನು ಕೇಳಿ ಎಲ್ಲರೂ ನಕ್ಕರು. ಸ್ಟ್ಯಾನಿಸ್ಲಾಸ್ ಮಾತ್ರ ನಗಲಿಲ್ಲ. ಗ್ಯಾರೇಜಿನ ಹಿಂದೆ ಬಿದ್ದಿದ್ದ ಒಂದು ಹಳೆಯ ಬಸ್ಸಿನ ಮೂತಿಯನ್ನು ಎತ್ತಿ ಲಾರಿಯ ಸ್ಪ್ರಿಂಗ್ ಪಟ್ಟಿಗಳ ಮೇಲೆ ಕೂರಿಸಿದ. ಒಳಗೆ ಸೀಟು ಹಾಕಿದ, ಪಟ್ಟಿ ಹಾಕಿದ, ಎದುರಿಗೆ ಎರಡು ಟೇಬಲ್ ಫ್ಯಾನು, ಹೊರಗೆ ಸೈಲೆನ್ಸರ್ ಬಿಚ್ಚಿದ ಸ್ಕೂಟರ್ ಇಂಜಿನು. ಮಲ್ಲಿಗೆ ಕಟ್ಟುವ ಕುಶಲಾ ಹಳೆಯ ಸೀರೆಗಳನ್ನು ಉದ್ದಕ್ಕೆ ಹೊಲಿದು, ಅದರ ಮೇಲೆ ಗದ್ದೆ, ತೆಂಗು, ದೀಪಸ್ತಂಭ, ಸಮುದ್ರ ಎಲ್ಲವನ್ನೂ ಬಣ್ಣದಲ್ಲಿ ಬರೆದಳು. ಅದನ್ನು ಸೈಕಲ್ ಚೈನಿಗೆ ಕಟ್ಟಿ ಗಾಜಿನ ಎದುರು ಸುತ್ತಿಸಿದರೆ ಊರು ಹಿಂದಕ್ಕೆ ಓಡುತ್ತಿತ್ತು. ಪೈಲಟ್ ಆಗಿ ಕೂರಲು ನಿವೃತ್ತ ಬಸ್ ಡ್ರೈವರ್ ಸುಂದರ ತಾನಾಗಿಯೇ ಬಂದ. ಹೀಗೆ ಕಾಪು ವಿಮಾನಾಭ್ಯಾಸ ಸಂಘ ಹುಟ್ಟಿತು.

ಸುಂದರ "ರೈಟ್!" ಎಂದರೆ ವಿಮಾನ ಏರುತ್ತಿತ್ತು, "ಹೋಲ್ಡಾನ್!" ಎಂದರೆ ಇಳಿಯುತ್ತಿತ್ತು. "ಎಡಕ್ಕೆ!" ಎಂದು ಕೂಗಿದರೆ ಹೊರಗೆ ನಿಂತ ನಾಲ್ಕು ಮಂದಿ ಬಿದಿರಿನ ಗಳೆ ಹಾಕಿ ಇಡೀ ಮೂತಿಯನ್ನು ಬಲಕ್ಕೆ ವಾಲಿಸುತ್ತಿದ್ದರು. ಯಾಕೆಂದು ಕೇಳಿದವರಿಗೆ ಸ್ಟ್ಯಾನಿಸ್ಲಾಸನ ಬಳಿ ಉತ್ತರ ತಯಾರಿತ್ತು. ತಿರುವಿನಲ್ಲಿ ಬಸ್ಸು ಹೊರಗಡೆಗೆ ವಾಲುತ್ತದೆ. ವಿಮಾನ ಬಸ್ಸಿಗಿಂತ ಜೋರು ಹೋಗುತ್ತದೆ. ಹಾಗಾದ ಮೇಲೆ ಇನ್ನೂ ಜೋರಾಗಿ ಹೊರಗೆ ವಾಲಲೇಬೇಕಲ್ಲ? ಅರ್ಧ ಜೀವಮಾನ ಬಸ್ಸು ಕಟ್ಟಿದವನ ಮಾತು.

ಹೋಗಿ ಬಂದವರನ್ನು ಕೇಳಬಹುದಿತ್ತಲ್ಲ ಎಂದರೆ, ಕೇಳಿದ್ದರು. ಒಬ್ಬ ತಾನು ನಿದ್ದೆ ಮಾಡಿದೆ ಎಂದ. ಇನ್ನೊಬ್ಬ ಕಣ್ಣು ಮುಚ್ಚಿ ತೇರ್ಸಿನ ಜಪಮಾಲೆ ಎಣಿಸುತ್ತಿದ್ದೆ ಎಂದ. ಮತ್ತೊಬ್ಬ ಸೆಂಟಿನ ಬಾಟಲಿ ತೋರಿಸಿ ಮಾತು ತಿರುಗಿಸಿದ. ಹೆದರಿದ್ದೆ ಎಂದು ಒಪ್ಪಿಕೊಳ್ಳುವ ಗಂಡಸು ಆ ಊರಿನಲ್ಲಿ ಹುಟ್ಟಿರಲಿಲ್ಲ.

ಬೆನೆಡಿಕ್ಟಾ ಒಪ್ಪಿಕೊಂಡಳು. ಅವಳಿಗೆ ಉಡುಪಿಗೆ ಬಸ್ಸಿನಲ್ಲಿ ಹೋದರೂ ಹೊಟ್ಟೆ ತೊಳಸುತ್ತಿತ್ತು. ಆದರೆ ಮಗಳು ಲೊರ್ನಾ ಬಹರೈನಿನಲ್ಲಿ ಚೊಚ್ಚಲ ಬಸುರಿ. ಅಳಿಯನಿಗೆ ತೈಲ ಕಂಪನಿಯಲ್ಲಿ ಪಾಳಿಯ ಕೆಲಸ. ಅತ್ತೆ ಇಲ್ಲ, ನೆರೆಯವರ ಭಾಷೆ ಬರುವುದಿಲ್ಲ. ತಾಯಿ ಹೋಗದಿದ್ದರೆ ಆ ಹುಡುಗಿ ಒಂಟಿಯಾಗಿ ಹೆತ್ತು, ಒಂಟಿಯಾಗಿ ಮಗುವಿಗೆ ನೀರು ಹಾಕಬೇಕು. ಉಡುಪಿಯ ಏಜೆಂಟನಿಂದ ಟಿಕೆಟು ಬಂದು ಪೆಟ್ಟಿಗೆಯಲ್ಲಿ ಕೂತಿತ್ತು. ಹಾಗಾಗಿ ಬೆನೆಡಿಕ್ಟಾ ಪ್ರತಿ ಭಾನುವಾರ ಪೂಜೆ ಮುಗಿಸಿ, ಸೆರಗು ಬಿಗಿದು, ಗಂಡನ ವಿಮಾನದಲ್ಲಿ ಕೂತು ಹಲ್ಲು ಕಚ್ಚುತ್ತಿದ್ದಳು. ಆರು ತಿಂಗಳಲ್ಲಿ ಅವಳ ಮೈಗೆ ವಿದ್ಯೆ ಹತ್ತಿತು. "ಎಡಕ್ಕೆ" ಎಂದದ್ದೇ ತಡ, ವಿಮಾನ ಬಲಕ್ಕೆ ಬೀಳುವ ಮೊದಲೇ ಅವಳು ಎಡಕ್ಕೆ ಬಾಗಿ ಸಮ ಮಾಡಿಕೊಳ್ಳುತ್ತಿದ್ದಳು. ಹೊಟ್ಟೆಯೂ ಸುಮ್ಮನಾಯಿತು.

"ಬಾಯಮ್ಮ, ನೀವು ಇನ್ನು ಬಹರೈನ್ ಅಲ್ಲ, ಚಂದ್ರಲೋಕಕ್ಕೂ ಹೋಗಬಹುದು," ಎಂದು ಸುಂದರ ಸರ್ಟಿಫಿಕೇಟು ಕೊಟ್ಟ.

ಅಷ್ಟರಲ್ಲಿ ಕಾರ್ಕಳದಿಂದ ಸುದ್ದಿ ಬಂತು. ಅಲ್ಲಿ ಮರದ ಮಿಲ್ಲಿನ ಧರ್ಮಪಾಲ ಹೆಗ್ಡೆಯವರೂ ಒಂದು ವಿಮಾನ ಮಾಡಿದ್ದಾರೆ. ಸ್ಪ್ರಿಂಗಿನ ಮೇಲೆ ಅಲ್ಲ, ಮಿಲ್ಲಿನ ತೊಲೆಗೆ ಹಗ್ಗ ಕಟ್ಟಿ ತೊಟ್ಟಿಲಿನ ಹಾಗೆ ನೇತುಹಾಕಿದ್ದಾರೆ. ಕಿಟಕಿಗೆ ನಿಜವಾದ ಗಾಜು ಉಂಟು. ಮೇಲಾಗಿ ಹತ್ತಿದವರಿಗೆಲ್ಲ ಪೆಪ್ಪರ್‌ಮಿಂಟ್ ಕೊಡುತ್ತಾರೆ. ಅಜೆಕಾರಿನ ಕಡೆಯವರು ಕಾಪುವಿಗೆ ಬರುವುದನ್ನು ಬಿಟ್ಟು ಅಲ್ಲಿಗೇ ಹೋಗತೊಡಗಿದರು.

ಸಂಘದ ಸಭೆ ಗ್ಯಾರೇಜಿನಲ್ಲಿ ಸೇರಿತು. ಸ್ಟ್ಯಾನಿಸ್ಲಾಸನ ಮುಖ ಸುಟ್ಟ ಹಂಚಿನ ಹಾಗೆ ಕೆಂಪಾಗಿತ್ತು. ಕಾರ್ಕಳದ ವಿಮಾನ ಹತ್ತಿದವರಿಗೆ ಕಾಪುವಿನ ವಿಮಾನ ಇಲ್ಲ ಎಂದು ತೀರ್ಮಾನವಾಯಿತು. ಬೆನೆಡಿಕ್ಟಾ ಆಗ ಚಹಾ ಸೋಸುತ್ತಿದ್ದಳು. ಪೆಪ್ಪರ್‌ಮಿಂಟ್ ಕೊಡುವುದು ಒಳ್ಳೆಯ ಉಪಾಯ ಎಂದು ಅವಳಿಗೆ ಅನಿಸಿತು.

ಮುಂದಿನ ವಾರ ಅವಳು ಪ್ರಯಾಣದ ಹರಕೆಯ ಮೇಣದಬತ್ತಿ ಹಚ್ಚಲು ಅತ್ತೂರಿನ ಇಗರ್ಜಿಗೆ ಹೋದಳು. ಅಲ್ಲಿಂದ ಕಾರ್ಕಳ ಪೇಟೆ ಎಷ್ಟು ದೂರ? ಬಸ್ಸಿಗೆ ಇನ್ನೂ ಹೊತ್ತಿತ್ತು. ಕಾಲುಗಳು ತಾವಾಗಿ ಮರದ ಮಿಲ್ಲಿನ ಕಡೆಗೆ ನಡೆದವು. ಧರ್ಮಪಾಲ ಹೆಗ್ಡೆಯವರು ಉದ್ದನೆಯ, ತೆಳ್ಳನೆಯ, ಬಹಳ ಮರ್ಯಾದೆಯ ಮನುಷ್ಯ. ಯಾವ ಊರು ಎಂದು ಕೇಳಲಿಲ್ಲ. ಪೆಪ್ಪರ್‌ಮಿಂಟ್ ಕೊಟ್ಟು ಕೂರಿಸಿದರು. ವಿಮಾನ ಎದ್ದಿತು. ಯಾರೋ "ಎಡಕ್ಕೆ" ಎಂದರು. ಬೆನೆಡಿಕ್ಟಾ ಅಭ್ಯಾಸದಂತೆ ಎಡಕ್ಕೆ ಬಾಗಿದಳು. ವಿಮಾನವೂ ಎಡಕ್ಕೇ ವಾಲಿತು. ಅವಳು ಎಡಗಡೆಯ ಗಾಜಿಗೆ ಕೆನ್ನೆ ಒತ್ತಿ, ತೂಕಕ್ಕೆ ಹಾಕಿದ ಬಂಗುಡೆ ಮೀನಿನ ಹಾಗೆ ಅಂಟಿಕೊಂಡಳು. ಆರು ತಿಂಗಳ ವಿದ್ಯೆ ಒಂದೇ ನಿಮಿಷದಲ್ಲಿ ಕರಗಿ ಹೋಯಿತು. ಪೆಪ್ಪರ್‌ಮಿಂಟೂ ಒಳಗೆ ನಿಲ್ಲಲಿಲ್ಲ.

ಮನೆಗೆ ಬಂದು ಅವಳು ಏನನ್ನೂ ಮುಚ್ಚಿಡಲಿಲ್ಲ.

"ಕೇಳಿತಾ? ನಾನು ಕಾರ್ಕಳದ್ದರಲ್ಲಿ ಕೂತೆ."

ಸ್ಟ್ಯಾನಿಸ್ಲಾಸ್ ಊಟದ ತಟ್ಟೆಯಿಂದ ಕೈ ತೆಗೆದ. "ನೀನಾ? ಅಧ್ಯಕ್ಷನ ಹೆಂಡತಿ?"

"ಅಧ್ಯಕ್ಷರ ಹೆಂಡತಿ ಅಲ್ಲ, ಲೊರ್ನಾಳ ಮಮ್ಮಿ ಕೂತದ್ದು. ಅವರದ್ದು ಒಳಗಡೆಗೆ ವಾಲುತ್ತದೆ. ನಿಮ್ಮದು ಹೊರಗಡೆಗೆ. ನಿಜವಾದದ್ದು ಯಾವ ಕಡೆಗೆ?"

"ಹೊರಗಡೆಗೆ."

"ಹತ್ತಿ ನೋಡಿದ್ದೀರಾ?"

"ಬಸ್ಸು..."

"ನಾನು ಬಹರೈನಿಗೆ ಬಸ್ಸಿನಲ್ಲಿ ಹೋಗುವುದಾ ಮಾರಾಯ್ರೆ? ನೀವಿಬ್ಬರೂ ಕೂತು ಮಾತಾಡಿ. ಅಲ್ಲಿವರೆಗೆ ಟಿಕೆಟ್ ಪೆಟ್ಟಿಗೆಯಲ್ಲಿ ಇರಲಿ. ಮಗಳಿಗೆ ನೀವೇ ತಿಳಿಸಿ, ಅಪ್ಪನಿಗೂ ಕಾರ್ಕಳದವರಿಗೂ ಮಾತಿಲ್ಲ, ಹಾಗಾಗಿ ಮಮ್ಮಿ ಬರುವುದಿಲ್ಲ ಅಂತ."

ಮರುದಿನವೇ ಮತ್ತೆ ಸಭೆ. ಈ ಸಲ ಬೆನೆಡಿಕ್ಟಾ ಚಹಾ ಮಾಡಲಿಲ್ಲ; ನಡುವಿನ ಬೆಂಚಿನಲ್ಲೇ ಕೂತಳು. ಕಾರ್ಕಳದವರನ್ನು ಕರೆಯಬೇಕೋ ಬೇಡವೋ ಎಂಬುದೇ ವಿಷಯ.

ಸುಂದರ ಎದ್ದು ಸ್ಟ್ಯಾನಿಸ್ಲಾಸನ ಕಡೆ ತಿರುಗಿದ. "ಪೊರ್ಬುಗಳೇ, ಒಂದು ರೂಟಿಗೆ ಎರಡು ಬಸ್ಸು ಬಂದರೆ ಎಂತ ಆಗ್ತದೆ ಅಂತ ನನ್ನನ್ನು ಕೇಳಿ. ಉಡುಪಿ ರೂಟಿನಲ್ಲಿ ನನ್ನ ಹಿಂದೆ ಇನ್ನೊಬ್ಬನ ಬಸ್ಸು ಬಂತು. ಅವನು ಐದು ನಿಮಿಷ ಮುಂಚೆ ಬಿಟ್ಟ. ನಾನು ಹತ್ತು ನಿಮಿಷ ಮುಂಚೆ ಬಿಟ್ಟೆ. ಕಡೆಗೆ ಇಬ್ಬರೂ ಜನ ಬಸ್‌ಸ್ಟ್ಯಾಂಡಿಗೆ ಬರುವ ಮೊದಲೇ ಖಾಲಿ ಬಸ್ಸು ಹಾರಿಸಿಕೊಂಡು ಹೋಗ್ತಿದ್ದೆವು. ಇಬ್ಬರಿಗೂ ಮಣ್ಣು!"

ಎಲ್ಲರೂ ತಲೆಯಾಡಿಸಿದರು. ಬೆನೆಡಿಕ್ಟಾ ಮಾತ್ರ ನಕ್ಕಳು.

"ಸುಂದರಣ್ಣ, ಆ ಬಸ್ಸು ಬರುವ ಮೊದಲು ನಾನು ಮೀನಿನ ಬುಟ್ಟಿ ಹಿಡಿದು ಕೈ ಅಡ್ಡ ಹಾಕಿದರೆ ನೀವು ನಿಲ್ಲಿಸುತ್ತಿದ್ದಿರಾ?"

"ಅದು... ಟೈಮು..."

"ಧೂಳು ಎಬ್ಬಿಸಿ ಹೋಗುತ್ತಿದ್ದಿರಿ. ಆ ಬಸ್ಸು ಬಂದ ಮೇಲೆ ನಿಮ್ಮ ಕಂಡಕ್ಟರ್ ಓಡಿ ಬಂದು 'ಅಕ್ಕ, ಬುಟ್ಟಿ ಕೊಡಿ' ಅನ್ನಲಿಕ್ಕೆ ಶುರು ಮಾಡಿದ. ನನಗೆ ಅಕ್ಕ ಅಂತ ಹೆಸರು ಬಂದದ್ದೇ ಇನ್ನೊಂದು ಬಸ್ಸು ಬಂದ ಮೇಲೆ."

ಕುಶಲಾ ಕಿಸಕ್ಕೆಂದು ನಕ್ಕಳು. "ಹೌದು ಮಾರಾಯ್ತಿ! ನನ್ನ ಮಲ್ಲಿಗೆ ಅಟ್ಟಿಯ ಕಟ್ಟನ್ನು ಅವನು ಮಡಿಲಲ್ಲಿ ಇಟ್ಟುಕೊಂಡು ಬರುತ್ತಿದ್ದ, ಬಾಡಬಾರದು ಅಂತ."

ಸುಂದರ ಕೂತುಬಿಟ್ಟ. ಸ್ಟ್ಯಾನಿಸ್ಲಾಸ್ ಮೇಲೆ ಹಂಚು ನೋಡಿದ, ಕೆಳಗೆ ನೆಲ ನೋಡಿದ. ಹೆಂಡತಿಯ ಮುಖ ನೋಡಿದಾಗ ಅಲ್ಲಿ ಮಗಳ ಮುಖ ಕಂಡಿತೋ ಏನೋ, "ಆಯಿತು, ಬರಲಿ. ಆದರೆ ಬಂದು ನೋಡಿ ಕಲಿತು ಹೋಗಲಿ," ಎಂದ.

ಆಹ್ವಾನ ಕಾರ್ಕಳದ ಬಸ್ಸಿನ ಕಂಡಕ್ಟರನ ಬಾಯಲ್ಲಿ ಹೋಯಿತು. ಊರಿನ ಅರ್ಧ ಸುದ್ದಿ ಹೋಗುತ್ತಿದ್ದದ್ದೇ ಹಾಗೆ. ಸಂಜೆಯ ಟ್ರಿಪ್ಪಿಗೆ ಉತ್ತರ ಬಂತು: "ಹೆಗ್ಡೆಯವರು ಬರ್ತಾರಂತೆ. ಒಬ್ಬರೇ ಅಲ್ಲ, ವಿಮಾನ ಸಮೇತ."

ಭಾನುವಾರ ಬೆಳಿಗ್ಗೆ ಕಾಪುವಿನ ಜನ ಒಂದು ಚಂದದ ನೋಟ ಕಂಡರು. ಮರ ಸಾಗಿಸುವ ಲಾರಿಯ ಮೇಲೆ ಬಿಳಿ ಬಣ್ಣದ ವಿಮಾನ, ವಿಮಾನದ ಒಳಗೆ ಧರ್ಮಪಾಲ ಹೆಗ್ಡೆಯವರು, ಪೇಟೆಯವರಿಗೆಲ್ಲ ಕಿಟಕಿಯಿಂದ ಕೈ ಮುಗಿಯುತ್ತಾ. ದಾರಿಯುದ್ದಕ್ಕೂ ಹಿಂದೆ ಬಿದ್ದ ಸೈಕಲ್ಲುಗಳಿಗೆ ಲೆಕ್ಕವಿಲ್ಲ. ಗ್ಯಾರೇಜಿನ ಕಬ್ಬಿಣದ ತೊಲೆಗೆ ಅದನ್ನು ನೇತುಹಾಕಲು ಸ್ಟ್ಯಾನಿಸ್ಲಾಸನೇ ಏಣಿ ಹಿಡಿದ. ಹಿಡಿಯುತ್ತಾ ಹಗ್ಗದ ಗಂಟನ್ನು ಮುಟ್ಟಿ ನೋಡಿದ. ಒಳ್ಳೆಯ ಕೆಲಸ ಕಂಡರೆ ಮುಟ್ಟದೆ ಇರಲು ಅವನಿಂದ ಆಗುತ್ತಿರಲಿಲ್ಲ.

"ಗಂಟು ಯಾರು ಹಾಕಿದ್ದು ಹೆಗ್ಡೆಯವರೇ?"

"ನಾನೇ. ನಿಮ್ಮ ಸೀಟಿನ ಹೊಲಿಗೆ ಯಾರದ್ದು?"

"ನನ್ನದೇ."

"ಹಾಗೆ ಹೇಳಿ!" ಎಂದರು ಹೆಗ್ಡೆಯವರು. ಇಬ್ಬರೂ ಅರ್ಧ ಗಂಟೆ ಗಂಟು, ಹೊಲಿಗೆ, ರಿವಿಟ್ಟು ಎಂದು ಮಾತಾಡಿದರು. ಜಗಳಕ್ಕೆ ಬಂದ ಜನ ಕಾದು ಕಾದು ಬೇಸತ್ತರು.

ಆಮೇಲೆ ಹಾರಾಟ ಶುರುವಾಯಿತು. ಕಾಪುವಿನವರು ಕಾರ್ಕಳದ್ದಕ್ಕೆ, ಕಾರ್ಕಳದವರು ಕಾಪುವಿನದ್ದಕ್ಕೆ. ಸುಂದರ ಹೊರಗಡೆಗೆ ವಾಲುತ್ತದೆಂದು ನಂಬಿ ಒಳಗಡೆಗೆ ಉರುಳಿ, ಹೆಗ್ಡೆಯವರ ಮಡಿಲಲ್ಲಿ ಕೂತ. ಹೆಗ್ಡೆಯವರ ಜೊತೆಗೆ ಬಂದವರು ಸ್ಪ್ರಿಂಗಿನ ಮೇಲೆ ಕುಣಿದು ಟೋಪಿ ಚಪ್ಪಲಿ ಎಲ್ಲ ಕಳೆದುಕೊಂಡರು. ಒಬ್ಬ ಇಳಿದು ನೇರ ನಡೆದೆನೆಂದುಕೊಂಡು ನೀರಿನ ಹಂಡೆಯೊಳಗೆ ಕಾಲಿಟ್ಟ. ಕುಶಲಾ ಎರಡನ್ನೂ ಒಂದರ ಬೆನ್ನಿಗೊಂದು ಹತ್ತಿಳಿದಳು; ತಲೆ ನಿಲ್ಲದೆ ಅವಳನ್ನು ಮಣಿಪಾಲದ ಆಸ್ಪತ್ರೆಗೆ ಕರೆದೊಯ್ದರೆ, ಡಾಕ್ಟರು ಕಣ್ಣು ಬಿಡಿಸಿ ನೋಡಿ, "ಯಾವ ದೋಣಿಯಲ್ಲಿ ಬಂದದ್ದಮ್ಮ?" ಎಂದು ಕೇಳಿದರಂತೆ. "ಸ್ಕೂಟರ್ ಇಂಜಿನಿನ ವಿಮಾನದಲ್ಲಿ," ಎಂದು ಅವಳು ಹೇಳಿದ್ದಕ್ಕೆ ಅವರು ಇನ್ನೊಂದು ಮಾತ್ರೆ ಜಾಸ್ತಿ ಬರೆದರು.

ಆದರೆ ಪ್ರಶ್ನೆ ಇದ್ದಲ್ಲೇ ಇತ್ತು. ಬೆನೆಡಿಕ್ಟಾ ಸೊಂಟಕ್ಕೆ ಕೈ ಕೊಟ್ಟು ಇಬ್ಬರ ನಡುವೆ ನಿಂತಳು. "ಯಾವ ಕಡೆಗೆ?"

ಹೆಗ್ಡೆಯವರು ಆಕಾಶಕ್ಕೆ ಬೆರಳು ಮಾಡಿದರು. ಸಮುದ್ರದ ಕಡೆ ಗರುಡಗಳು ಸುತ್ತುತ್ತಿದ್ದವು. ಎಲ್ಲರೂ ತೀರಕ್ಕೆ ಓಡಿದರು. ಕುತ್ತಿಗೆ ನೋಯುತ್ತದೆಂದು ಮೊದಲು ಒಬ್ಬ ಮರಳಿನ ಮೇಲೆ ಅಂಗಾತ ಮಲಗಿದ, ಮತ್ತೆ ಎಲ್ಲರೂ ಮಲಗಿದರು. ಎರಡು ಊರಿನ ವಿಮಾನ ತಜ್ಞರು ಒಣಗಲು ಹಾಕಿದ ಮೀನಿನ ಹಾಗೆ ಸಾಲಾಗಿ ಬಿದ್ದಿದ್ದನ್ನು ಕಂಡು ಮೀನುಗಾರರು ಬಲೆ ಬಿಟ್ಟು ಓಡಿ ಬಂದರು, ಏನೋ ಅನಾಹುತವಾಗಿದೆ ಎಂದುಕೊಂಡು. ವಿಷಯ ತಿಳಿದ ಮೇಲೆ ಅವರೂ ಮಲಗಿದರು.

ಗರುಡ ತಿರುಗಿತು. ತಿರುಗಿದ ಕಡೆಗೇ ರೆಕ್ಕೆ ಬಾಗಿಸಿತು. ಇನ್ನೊಂದು ತಿರುಗಿತು. ಅದೂ ಹಾಗೆಯೇ.

ಕಾಪುವಿನ ಸಾಲಿನಿಂದ ಸುಂದರ ಹೇಳಿದ, "ಗರುಡನಲ್ಲಿ ಸ್ಟ್ಯಾಂಡಿಂಗ್ ಪ್ಯಾಸೆಂಜರ್ ಇಲ್ಲವಲ್ಲ ಪೊರ್ಬುಗಳೇ."

ನಗು ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಯಿತು. ಸ್ಟ್ಯಾನಿಸ್ಲಾಸನೂ ನಕ್ಕ, ಹೊಟ್ಟೆ ಕುಲುಕಿ ಕಣ್ಣಲ್ಲಿ ನೀರು ಬಂತು. "ಗೆದ್ದಿರಿ ಹೆಗ್ಡೆಯವರೇ," ಎಂದ.

ಹೆಗ್ಡೆಯವರು ಎದ್ದು ಕೂತು ಬೆನ್ನಿನ ಮರಳು ಕೊಡವಿದರು. "ಪೂರ್ತಿ ಗೆದ್ದೆ ಅಂತ ನನಗೂ ಅನಿಸುವುದಿಲ್ಲ. ನನ್ನದರಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ಜಾರಿ ಬೀಳುತ್ತಾರೆ. ನಮ್ಮ ಮನೆಯವಳ ಭುಜ ಇನ್ನೂ ನೀಲಿ ಉಂಟು. ದೊಡ್ಡ ದೊಡ್ಡ ಸಾಹೇಬರು ಹಾಗೆ ಬಿದ್ದುಕೊಂಡು ಹೋಗುತ್ತಾರಾ? ಎಲ್ಲಿಯೋ ಏನೋ ತಪ್ಪಿದೆ. ನಿಮ್ಮದನ್ನು ನೋಡುವ ಮೊದಲು ನನಗೆ ಈ ಸಂಶಯ ಬಂದಿರಲಿಲ್ಲ."

ಬೆನೆಡಿಕ್ಟಾಳಿಗೆ ಆ ಮಾತು ಹಿಡಿಸಿತು. ತಾನು ಸರಿ ಎಂದವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಗೆದ್ದ ಮೇಲೆ ಸಂಶಯ ಪಟ್ಟವರನ್ನು ನೋಡಿದ್ದು ಇದೇ ಮೊದಲು.

"ಹಾಗಾದರೆ ನನಗೆ ಎರಡೂ ಬೇಕು," ಎಂದಳು. "ಈ ಕಡೆ ಬಿದ್ದರೂ ಗೊತ್ತಿರಬೇಕು, ಆ ಕಡೆ ಬಿದ್ದರೂ ಗೊತ್ತಿರಬೇಕು. ಹೆಗ್ಡೆಯವರೇ, ನಾನು ಹೊರಡುವ ತನಕ ನಿಮ್ಮ ವಿಮಾನ ಇಲ್ಲೇ ಇರಲಿ. ಊಟ ನಮ್ಮಲ್ಲಿ. ಮೀನಿಲ್ಲದ ಅಡುಗೆಯೂ ನನಗೆ ಬರುತ್ತದೆ, ಹೆದರಬೇಡಿ."

"ಪೆಪ್ಪರ್‌ಮಿಂಟ್ ನನ್ನದು," ಎಂದರು ಹೆಗ್ಡೆಯವರು.

ಮಾಡಿದ ತೀರ್ಮಾನವನ್ನು ಸಂಘ ಅಲ್ಲೇ ಮರಳಿನ ಮೇಲೆ ರದ್ದು ಮಾಡಿತು. ಯಾರು ಬೇಕಾದರೂ ಎಲ್ಲಿ ಬೇಕಾದರೂ ಹಾರಬಹುದು. ಮುಂದಿನ ಎರಡು ಭಾನುವಾರ ಗ್ಯಾರೇಜಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರಡು ವಿಮಾನ ಇದೆಯೆಂದು ಪರ್ಕಳದಿಂದಲೂ ಜನ ಬಂದರು. ಒಂದೇ ಇದ್ದಾಗ ಬರುತ್ತಿದ್ದವರ ಮೂರು ಪಾಲು. ಸುಂದರ ಬಾಗಿಲಲ್ಲಿ ನಿಂತು, "ಮುಂದೆ ಹೋಗಿ, ಒಳಗೆ ಜಾಗ ಉಂಟು," ಎಂದು ಕೂಗುತ್ತಾ ಹತ್ತು ವರ್ಷ ಚಿಕ್ಕವನಾದ. ಸ್ಟ್ಯಾನಿಸ್ಲಾಸ್ ಮತ್ತು ಹೆಗ್ಡೆಯವರು ಎರಡರ ಅಡಿಯಲ್ಲೂ ಹೊಕ್ಕು ಹೊರಬಂದು, ಗ್ರೀಸು ಮೆತ್ತಿದ ಕೈಗಳನ್ನು ಬೀಸುತ್ತಾ ವಾದ ಮಾಡಿದರು. ಬೆನೆಡಿಕ್ಟಾ ಇಲ್ಲಿ ಎಡಕ್ಕೆ ಬಾಗಿ, ಅಲ್ಲಿ ಬಲಕ್ಕೆ ಬಾಗಿ, ಕೊನೆಗೆ ಮೈಗೆ ಯಾವ ಕಡೆಯಾದರೂ ಸರಿ ಎನ್ನುವ ಸ್ಥಿತಿಗೆ ಬಂದಳು. ಟಿಕೆಟು ಪೆಟ್ಟಿಗೆಯಿಂದ ಹೊರಗೆ ಬಂತು.

ಬಜಪೆಯ ವಿಮಾನ ನಿಲ್ದಾಣಕ್ಕೆ ಎರಡೂ ಊರಿನವರು ಒಂದೇ ಬಸ್ಸಿನಲ್ಲಿ ಬಂದು ಬೇಲಿಗೆ ಜೋತುಬಿದ್ದರು. ಒಳಗೆ ಬೆನೆಡಿಕ್ಟಾ ಬಲಗಡೆಯ ಕಿಟಕಿಯ ಪಕ್ಕ ಕೂತು ಪಟ್ಟಿಯನ್ನು ಒಂದೇ ಕೈಯಲ್ಲಿ ಹಾಕಿದಳು. ಪಕ್ಕದಲ್ಲಿ ಅಜೆಕಾರಿನ ಒಬ್ಬ ಯುವಕ, ಮೊದಲ ಪ್ರಯಾಣ, ಹಣೆಯಲ್ಲಿ ಬೆವರು.

"ಎಲ್ಲಿ ಕಲಿತದ್ದು?" ಎಂದು ಕೇಳಿದಳು.

"ಕಾರ್ಕಳ. ನೀವು?"

"ಕಾಪು. ಮತ್ತೆ ಸ್ವಲ್ಪ ಕಾರ್ಕಳ."

ವಿಮಾನ ಓಡಿತು, ಎದ್ದಿತು. ಅವಳ ಹೊಟ್ಟೆ ಒಮ್ಮೆ ಕೆಳಗೆ ಉಳಿದು ಮತ್ತೆ ಬಂದು ಸೇರಿಕೊಂಡಿತು. ಆಮೇಲೆ ವಿಮಾನ ಎಡಕ್ಕೆ ತಿರುಗಿತು. ಆ ಗಳಿಗೆಯಲ್ಲಿ ಆರು ತಿಂಗಳ ಕಾಪುವಿನ ಎದುರು ಎರಡು ಭಾನುವಾರದ ಕಾರ್ಕಳ ನಿಲ್ಲಲಿಲ್ಲ. ಬೆನೆಡಿಕ್ಟಾ ಗಬಕ್ಕನೆ ಎಡಕ್ಕೆ ಬಾಗಿದಳು. ಕಾರ್ಕಳದಲ್ಲಿ ಕಲಿತ ಯುವಕ ಗಬಕ್ಕನೆ ಬಲಕ್ಕೆ ಬಾಗಿದ. ಎರಡು ತಲೆಗಳು ಠಕ್ಕೆಂದು ಬಡಿದವು.

ಇಬ್ಬರೂ ಹಣೆ ಹಿಡಿದುಕೊಂಡು ಸುತ್ತಲೂ ನೋಡಿದರು. ಉಳಿದ ಯಾರೂ ಯಾವ ಕಡೆಗೂ ಬಾಗಿರಲಿಲ್ಲ. ಎಡಗಡೆಯ ಕಿಟಕಿಗಳ ತುಂಬ ಹಂಚಿನ ಮನೆಗಳು, ಬಲಗಡೆಯ ಕಿಟಕಿಗಳ ತುಂಬ ಬರೀ ಆಕಾಶ. ವಿಮಾನ ಎಡಕ್ಕೇ, ಒಳಗಡೆಗೇ ವಾಲಿತ್ತು. ಆದರೂ ಯಾರೂ ಜಾರಲಿಲ್ಲ. ಯಾರ ಚೀಲವೂ ಉರುಳಲಿಲ್ಲ. ಅವಳಿಗೆ ತಾನು ಇಗರ್ಜಿಯ ಬೆಂಚಿನಲ್ಲಿ ಕೂತ ಹಾಗೆ ನೆಟ್ಟಗೆ, ಸ್ವಲ್ಪ ಭಾರವಾಗಿ ಕೂತಿದ್ದೇನೆ ಎನಿಸಿತು, ಅಷ್ಟೇ. ಸ್ವಲ್ಪ ಹೊತ್ತಿನಲ್ಲಿ ಕಾಫಿ ಬಂತು. ವಿಮಾನ ಮತ್ತೊಮ್ಮೆ ತಿರುಗಿತು. ಅವಳು ಕಪ್ಪಿನೊಳಗೆ ನೋಡಿದಳು. ಹೊರಗೆ ಸಮುದ್ರ ಗೋಡೆಯ ಹಾಗೆ ಎದ್ದು ನಿಂತಿದ್ದರೂ ಕಾಫಿ ಕಪ್ಪಿನ ಅಂಚಿಗೆ ಸಮವಾಗಿ ಸುಮ್ಮನೆ ಮಲಗಿತ್ತು.

"ಇಬ್ಬರದ್ದೂ ತಪ್ಪು!" ಎಂದು ಬೆನೆಡಿಕ್ಟಾ ಕೂಗಿದಳು. ಅವಳಿಗೆ ನಗು ತಡೆಯಲಾಗಲಿಲ್ಲ. ಯುವಕನೂ ತನ್ನ ಕಪ್ಪು ನೋಡಿ ನಗತೊಡಗಿದ. ಗಗನಸಖಿ ಓಡಿ ಬಂದು, ಏನಾದರೂ ಬೇಕೇ ಎಂದು ಕೇಳಿದಳು. "ಇನ್ನೊಂದು ಕಾಫಿ," ಎಂದಳು ಬೆನೆಡಿಕ್ಟಾ, "ಇನ್ನೊಂದು ತಿರುವಿಗೆ."

ಲೊರ್ನಾ ಹೆಣ್ಣು ಹೆತ್ತಳು. ಹೆರುವಾಗ ತಾಯಿಯ ಕೈಯನ್ನು ಬಿಗಿ ಹಿಡಿದಿದ್ದಳು, ಬೆರಳು ಎರಡು ದಿನ ನೋಯಿತು. ಮಗುವಿಗೆ ಮೊದಲ ನೀರು ಹಾಕಿ, ಅರಿಶಿನದ ಕೈ ತೊಳೆದ ಮೇಲೆ ಬೆನೆಡಿಕ್ಟಾ ಅಳಿಯನ ಟೇಪ್‌ರೆಕಾರ್ಡರನ್ನು ಎದುರಿಗಿಟ್ಟು ಕೂತಳು. ಊರಿಗೆ ಹೋಗುವವರ ಕೈಯಲ್ಲಿ ಕ್ಯಾಸೆಟ್ ಕಳಿಸುವುದು ಅಲ್ಲಿನವರ ರೂಢಿ.

"ಹಲೋ, ಲೊರ್ನಾಳ ಪಪ್ಪಾ, ಕೇಳುತ್ತದಾ? ಹೆಗ್ಡೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, ಒಬ್ಬರೇ ಕೇಳಬೇಡಿ. ಮೊದಲು, ಮಗು ನಿಮ್ಮ ಹಾಗೆಯೇ ಉಂಟು, ಮೂಗು ಮಾತ್ರ ದೇವರ ದಯೆಯಿಂದ ನನ್ನದು. ಎರಡನೆಯದು, ವಿಮಾನ. ಹೆಗ್ಡೆಯವರು ಹೇಳಿದ ಹಾಗೆ ಒಳಗಡೆಗೇ ವಾಲುತ್ತದೆ. ಆದರೆ ಯಾರೂ ಬೀಳುವುದಿಲ್ಲ, ಕಾಫಿ ಸಹ ಅಲುಗುವುದಿಲ್ಲ. ಹೇಗೆ ಅಂತ ನನ್ನನ್ನು ಕೇಳಬೇಡಿ. ನಿಮ್ಮದರಲ್ಲಿ ಓಟ ಉಂಟು, ಅವರದ್ದರಲ್ಲಿ ತೂಗು ಉಂಟು. ನೀರು ತುಂಬಿದ ಬಿಂದಿಗೆಯನ್ನು ಹಗ್ಗ ಕಟ್ಟಿ ಗರಗರ ತಿರುಗಿಸಿದರೆ ಓರೆಯಾದರೂ ಚೆಲ್ಲುವುದಿಲ್ಲ ಅಲ್ವಾ? ಹಾಗೆ ಎಂತಾದರೂ ಮಾಡಿ. ಹೆಗ್ಡೆಯವರ ಹಗ್ಗ, ನಿಮ್ಮ ಸೀಟು. ನಡುವಿನ ಕಂಬ ಗಟ್ಟಿ ಹಾಕಿ. ಮೊದಲು ಸುಂದರಣ್ಣನನ್ನು ಕೂರಿಸಿ, ಕುಶಲಾಳನ್ನು ಕೂರಿಸಬೇಡಿ. ಮತ್ತೆ, ಯಾರಾದರೂ ಪರ್ಕಳದಲ್ಲಿ ಮೂರನೆಯದು ಶುರು ಮಾಡಿದರೆ ಮುಖ ಊದಿಸಿಕೊಂಡು ಕೂರಬೇಡಿ, ಹೋಗಿ ನೋಡಿ ಬನ್ನಿ, ಅವರು ಎಂತ ತಿನ್ನಲಿಕ್ಕೆ ಕೊಡುತ್ತಾರೆ ಅಂತಲೂ ನೋಡಿ..."

ಕ್ಯಾಸೆಟ್ ಯಾವಾಗಲೋ ಮುಗಿದು ಗುಂಡಿ ಟಕ್ಕೆಂದು ಮೇಲೆದ್ದಿತ್ತು. ಬೆನೆಡಿಕ್ಟಾ ಅದನ್ನು ಗಮನಿಸದೆ, ಎರಡೂ ಕೈಗಳನ್ನು ರೆಕ್ಕೆಯ ಹಾಗೆ ಚಾಚಿ, ನಡುಮನೆಯಲ್ಲಿ ಎಡಕ್ಕೆ ತಿರುಗುವುದು ಹೇಗೆಂದು ತೋರಿಸುತ್ತಲೇ ಇದ್ದಳು. ಹಾಸಿಗೆಯಲ್ಲಿ ಲೊರ್ನಾ ಮಗುವನ್ನು ಅಪ್ಪಿಕೊಂಡು, ಹೊಲಿಗೆ ನೋಯುತ್ತದೆ ಮಮ್ಮಿ, ನಗಿಸಬೇಡ, ನಗಿಸಬೇಡ ಎಂದು ಬೇಡಿಕೊಳ್ಳುತ್ತಿದ್ದಳು.